ಪಂಪಿನೊಳಗಿನ ತೊಗಲು

ಒದ್ದೆ ತೊಗಲಿನ ವಾಸನೆ ಬಂದರೆ ಇವತ್ತಿಗೂ ಕೊಣ್ಣೂರಿನ ನಮ್ಮ ಹಿತ್ತಲ ಬಾವಿ ಕಣ್ಣಿಗೆ ಕಟ್ಟುತ್ತದೆ.

ಹಗ್ಗ ಜಗ್ಗಿ ಜಗ್ಗಿ ಅವ್ವನ ಅಂಗೈ ಒಡೆದಿತ್ತೆಂದು ಕಾಕಾ ಗೋಕಾಕದಿಂದ ಕೈಪಂಪು ತಂದು ಕೂಡಿಸಿದ್ದ. ಮೇಲೆ ಬಂದ ನೀರು ಮರಳಿ ಇಳಿಯದಂತೆ ಅದರೊಳಗೊಂದು ತೊಗಲಿನ ವಾಶರ್ ಇತ್ತು. ಅದನ್ನು ಕಂಡದ್ದೇ ಅಜ್ಜಿ, "ತೊಗಲ ಮುಟ್ಟಿದ ನೀರು ಲಿಂಗಪೂಜಿಗೆ ಆಗೂದಿಲ್ಲ, ತೆಗಿ" ಅಂದಳು.

"ಹೊಲಕ್ಕ ತೊಗಲಿನ ಚೀಲದಾಗನ ನೀರ ಎತ್ತತೇವಲ್ಲಾ?" ಎಂದ ಕಾಕಾ.

"ಅದು ಹೊಲಕ್ಕ."

ಕಾಕಾ ವಾಶರ್ ತೆಗೆದು ಕಟ್ಟೆಯ ಮೇಲಿಟ್ಟ. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಮಧ್ಯಾಹ್ನವಿಡೀ ಹೊಂದಿಸಿ ನೋಡಿದ. ಅಳತೆ ಕೂಡಲೇ ಇಲ್ಲ. ಬಾಯಿತನಕ ಬಂದ ನೀರು ಗುಳುಗುಳು ಎನ್ನುತ್ತ ಬಾವಿಗೇ ಇಳಿಯಿತು.

ಅವ್ವ ಪಂಪಿನ ಹಿಡಿಯ ಮೇಲೊಮ್ಮೆ ಅಂಗೈ ಆಡಿಸಿದಳು. "ಎಷ್ಟ ನುಣುಪ ಐತಿ" ಅಂದಳು. ಆಮೇಲೆ ಹಗ್ಗ ಕೈಗೆತ್ತಿಕೊಂಡಳು.