ಹದಿನೇಳನೇ ಬೋರ್

ಪೆಟ್ಟಿಗೆಯ ಮುಚ್ಚಳ ತೆಗೆದವಳೇ ಅವಳು ತನಿಖಾಧಿಕಾರಿಯ ಕಡೆ ತಿರುಗಿದಳು.

"ನೋಡಿ ಸರ್. ಇಲ್ಲೂ ಕೈ ಹಾಕಿದ್ದಾರೆ."

ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ದಿಂಡುಗಳು ಒಳಗೆ ಸಾಲಾಗಿ ಮಲಗಿದ್ದವು. ಪ್ರತಿ ದಿಂಡನ್ನೂ ಉದ್ದಕ್ಕೆ ಸೀಳಿ, ಅರ್ಧವನ್ನು ಪುಡಿ ಮಾಡಿ ಪರೀಕ್ಷೆಗೆ ಕಳಿಸುವುದು, ಉಳಿದರ್ಧವನ್ನು ಯಾರು ಬೇಕಾದರೂ ಬಂದು ನೋಡಲೆಂದು ಉಗ್ರಾಣದಲ್ಲಿಡುವುದು ಇಲಾಖೆಯ ಪದ್ಧತಿ. ಈ ಪೆಟ್ಟಿಗೆಯಲ್ಲಿ ಅರ್ಧವಿರಬೇಕಾದಲ್ಲಿ ಕಾಲುಭಾಗವಷ್ಟೇ ಇತ್ತು. ಮಿಕ್ಕದ್ದನ್ನು ಯಾರೋ ಅಚ್ಚುಕಟ್ಟಾಗಿ ಕೊಯ್ದು ಒಯ್ದಿದ್ದರು.

ಆ ಯಾರೋ ಯಾರೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬಾಗಿಲಲ್ಲೇ ನಿಂತಿದ್ದರಲ್ಲ, ಕಚೇರಿಯ ಮುಖ್ಯಸ್ಥರು! ಊರಿಗೆಲ್ಲ ಸರ್, ಅವಳಿಗೆ ಚಿಕ್ಕಪ್ಪ. ಅಪ್ಪ ಹೋದಮೇಲೆ, ತಮಗೊಂದು ಮದುವೆಯ ಯೋಚನೆಯನ್ನೂ ಮಾಡದೆ ಅವಳನ್ನು ಸಾಕಿದವರು. ಕಲ್ಲಿನ ಗುಣ ಗುರುತಿಸಲು ಕಲಿಸಿದವರು. ಮುಂದಿನ ತಿಂಗಳು ನಿವೃತ್ತಿ. ಆರೋಪ ನಿಜವಾದರೆ ಅಷ್ಟು ವರ್ಷದ ಸೇವೆಯೆಲ್ಲ ನೀರುಪಾಲು.

ಆಗಲಿ ಎಂದುಕೊಂಡಳು ಅವಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯನ್ನು ಪೂಜಿಸಲಾದೀತೆ?

ಖನಿಜ ಹುಡುಕಲು ಗುಡ್ಡದಲ್ಲಿ ಕೊರೆದಿದ್ದ ಹಳೆಯ ಬೋರ್‌ಗಳ ಮಾಹಿತಿಯನ್ನೆಲ್ಲ ಜನರಿಗೆ ತೆರೆದಿಡಬೇಕೆಂದು ಆದೇಶ ಬಂದಾಗ ಆ ಕೆಲಸ ಅವಳ ಪಾಲಿಗೆ ಬಂದಿತ್ತು. "ಗುಡ್ಡದ ಕೆಳಗೇನಿದೆ ಅಂತ ಕಂಪನಿಯವನಿಗೆ ಗೊತ್ತಿರೋಷ್ಟೇ ಗುಡ್ಡದ ಮೇಲೆ ಮನೆ ಕಟ್ಕೊಂಡವನಿಗೂ ಗೊತ್ತಿರಬೇಕು." ಇದು ಚಿಕ್ಕಪ್ಪ ಸಭೆ ಸಭೆಯಲ್ಲೂ ಹೇಳುತ್ತಿದ್ದ ಮಾತು. ಅವಳು ನಂಬಿಬಿಟ್ಟಿದ್ದಳು. ಒಂದೊಂದೇ ಬೋರಿನ ವಿವರವನ್ನು ಜಾಲತಾಣಕ್ಕೆ ಏರಿಸುತ್ತ ಹೋದಳು. ಹದಿನಾರು ಆಯಿತು. ಮುಂದಿನದು ಹದಿನೆಂಟು. ಹದಿನೇಳು ಎಲ್ಲೂ ಇರಲಿಲ್ಲ.

ಹಟ ಹಿಡಿದು ಪ್ರಯೋಗಾಲಯದ ಹಳೆಯ ಕಂಪ್ಯೂಟರ್ ತಡಕಿದಾಗ ಅದರ ಫಲಿತಾಂಶ ಸಿಕ್ಕಿತು. ಚಿನ್ನ! ಇಡೀ ಗುಡ್ಡಸಾಲಿನಲ್ಲಿ ಬೇರೆಲ್ಲೂ ಕಾಣದಷ್ಟು ಚಿನ್ನ.

"ಚಿಕ್ಕಪ್ಪ, ಹದಿನೇಳು ಎಲ್ಲಿ ಹೋಯ್ತು?"

ಅವರು ಕನ್ನಡಕ ತೆಗೆದು ಒರೆಸಿದರು. "ಅದನ್ನ ಕೆದಕಬೇಡ ಪುಟ್ಟಿ. ಬಿಟ್ಟುಬಿಡು."

ಕೆಲವೇ ದಿನಗಳಲ್ಲಿ ಗಣಿ ಕಂಪನಿಯವನೊಬ್ಬ ಅವರ ಕೋಣೆಯಲ್ಲಿ ಕೂತಿದ್ದ. "ಅಲ್ಲಿ ಕಲ್ಲು ಬಿಟ್ರೆ ಇನ್ನೇನೂ ಇಲ್ಲ ರೀ, ಸುಮ್ನೆ ಹೋಗಿ" ಎನ್ನುವ ಚಿಕ್ಕಪ್ಪನ ಮಾತು ಹೊರಗೆ ಕೇಳಿಸಿತು. ಬೆಲೆ ಏರಿಸುವ ಆಟ ಎಂದು ಅವಳಿಗೆ ಅರ್ಥವಾಯಿತು.

ಆಮೇಲೆ ಹಳೆಯದೊಂದು ನೋವೂ ಹೊಸ ಅರ್ಥ ಪಡೆಯಿತು. ಆರು ವರ್ಷದ ಹಿಂದೆ ಅವಳಿದ್ದದ್ದು ಕಲ್ಲು ಪುಡಿ ಮಾಡುವ ಕೋಣೆಯಲ್ಲಿ. ಯಾವ ಚೀಲ ಯಾವ ಬೋರಿನದೆಂದು ಅಲ್ಲಿಯವರಿಗೆ ತಿಳಿಯದು. ಚೀಲದ ಮೇಲೆ ಬರೀ ಅಂಕಿ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಚಿಕ್ಕಪ್ಪ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. "ಮದುವೆ ಗೊತ್ತಾದ ಹುಡುಗಿ, ಆ ಧೂಳು ಯಾಕೆ ಕುಡೀತೀಯ?" ಅವಳು ಅತ್ತುಬಿಟ್ಟಿದ್ದಳು. ಹದಿನೇಳನೇ ಬೋರಿನ ಫಲಿತಾಂಶ ಬಂದಿದ್ದು ಅದರ ಹಿಂದಿನ ದಿನ ಎಂಬುದು ಈಗ ತಿಳಿದಿತ್ತು. ಕಳ್ಳನಿಗೆ ಮೊದಲು ಬೇಕಾದದ್ದು ಸಾಕ್ಷಿಯಿಲ್ಲದ ಜಾಗ. ಸಾಕಿದ ಕೈಯೇ ಕತ್ತು ಕೊಯ್ದಿತ್ತು. ಅವಳು ಮೇಲಧಿಕಾರಿಗಳಿಗೆ ದೂರು ಕೊಟ್ಟಳು. ಅಂದಿನಿಂದ ಚಿಕ್ಕಪ್ಪನ ಜೊತೆ ಮಾತು ಬಿಟ್ಟಳು.

ಹದಿನೇಳನೇ ಬೋರಿನ ಆ ಪೆಟ್ಟಿಗೆಯಲ್ಲಿ ಉಳಿದಿದ್ದ ಕಲ್ಲು ಬೇರೆ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಬಂದ ದಿನ ತನಿಖಾಧಿಕಾರಿ ಇಬ್ಬರನ್ನೂ ಎದುರು ಕೂರಿಸಿಕೊಂಡರು.

"ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತಮ್ಮ. ಇಲಿಯೂ ಸಿಗಲಿಲ್ಲ. ಈ ಕಲ್ಲಲ್ಲಿ ಚಿನ್ನವೇ ಇಲ್ಲ."

"ಕಲ್ಲು ಬದಲಾಯಿಸಿರ್ತಾರೆ ಸರ್!"

"ಇಲ್ಲ. ಕೊರೆದ ದಿನ ತೆಗೆದ ಫೋಟೋ ಇದೆ. ಗೆರೆಗೆ ಗೆರೆ ಹೊಂದುತ್ತೆ." ಅವರು ಚಿಕ್ಕಪ್ಪನ ಕಡೆ ನೋಡಿದರು. "ಕಾಲುಭಾಗ ಕೊಯ್ದವರು ನೀವೇನಾ?"

"ಹೌದು. ಅಷ್ಟು ಚಿನ್ನ ಕಂಡು ಅನುಮಾನ ಬಂತು, ಮತ್ತೆ ಪರೀಕ್ಷೆ ಮಾಡಿಸಿದೆ. ಆಗಲೂ ಏನೂ ಸಿಗಲಿಲ್ಲ."

"ಹಾಗಾದರೆ ಮೊದಲ ಪುಡಿಯಲ್ಲಿ ಚಿನ್ನ ಹೇಗೆ ಬಂತು?"

"ಒಡವೆ ಹಾಕ್ಕೊಂಡು ಆ ಕೋಣೆಗೆ ಹೋಗಬಾರದು ಅಂತ ಬೋರ್ಡ್ ಬರೆಸಿದವನೇ ನಾನು. ಆ ಸಲ ನಾನೇ ಮರೆತೆ. ಕಲ್ಲಿಗೆ ಉಜ್ಜಿ ಉಂಗುರ ಸವೆದು ಪುಡಿಗೆ ಸೇರಿತು."

"ಪುಡಿ ಮಾಡಿದ್ದು ಆ ವರ್ಷ ಮಾರ್ಚ್ ಮೊದಲ ವಾರ. ಆಗ ಕೋಣೆಯಲ್ಲಿ ಇದ್ದಿದ್ದು ನೀವಾ?"

"ನಾನೊಬ್ಬನೇ."

"ಕೆಲಸ ಹೋಗುವಂಥ ತಪ್ಪು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು ಸರ್. ಅದಕ್ಕೇ ಮುಚ್ಚಿಟ್ಟೆ." ಚಿಕ್ಕಪ್ಪ ಅವಳ ಕಡೆ ನೋಡಲಿಲ್ಲ. ತನಿಖಾಧಿಕಾರಿ ಬರೆದುಕೊಂಡು, ಮುಂದಕ್ಕೆ ತಳ್ಳಿದ ಹಾಳೆಗೆ ಅವರು ಸಹಿ ಹಾಕಿದರು.

ಚಿಕ್ಕಪ್ಪನ ಬೆರಳಿಗೆ ಹುಟ್ಟಿದಾಗಿನಿಂದ ಉಂಗುರವೇ ಏರಿರಲಿಲ್ಲ. ಆ ಮಾರ್ಚ್ ಮೊದಲ ವಾರ, ನಿಶ್ಚಿತಾರ್ಥ ಮುಗಿಸಿಕೊಂಡು ಬಂದು, ಒಬ್ಬಳೇ ಕೂತು ಕಲ್ಲು ಪುಡಿ ಮಾಡಿದವಳು ಅವಳೇ.