ಅಮೆರಿಕದ ಫ್ಲಾಪಿಗಳು

ಅಮೆರಿಕದ ನಾಲ್ಕನೇ ಫ್ಲಾಪಿಯೂ ಸತ್ತಿತ್ತು.

ತನುಜಾ ಅದನ್ನು ಹೊರಗೆಳೆದಳು, ಉಫ್ ಎಂದು ಊದಿದಳು, ಮತ್ತೆ ತುರುಕಿದಳು. ಕಂಪ್ಯೂಟರ್ ಗರಗರ ಹಲ್ಲು ಕಡಿಯಿತೇ ಹೊರತು ಒಂದಕ್ಷರ ಓದಲಿಲ್ಲ. ಚಂದ್ರನ ಮೇಲೆ ಮನುಷ್ಯ ಇಳಿದ ಪುಟ ಹೋದ ವಾರವೇ ಮಣ್ಣುಪಾಲಾಗಿತ್ತು. ಈಗ ಕ್ಯೂಬಾದ ಕ್ಷಿಪಣಿಗಳೂ ಹೋದವು. ರಷ್ಯಾದ ಫ್ಲಾಪಿಗಳಿಗೆ ಮಾತ್ರ ಒಂದು ನೆಗಡಿಯೂ ಬಂದಿರಲಿಲ್ಲ.

ಪಾಳ್ಯದ ಕಡೆಯ ಒಂದು ಹೈಸ್ಕೂಲು, ೨೦೦೧ರ ಡಿಸೆಂಬರ್. ಹಾಸನದಲ್ಲಿ ವೆಬ್‌ಸೈಟ್ ಸ್ಪರ್ಧೆ. ವಿಷಯ, ಎರಡು ಮಹಾಶಕ್ತಿಗಳ ಶೀತಲ ಸಮರ. ಇತಿಹಾಸದ ರಂಗಸ್ವಾಮಿ ಮೇಷ್ಟ್ರು ಕಪ್ಪುಹಲಗೆಯ ನಡುವೆ ಗೆರೆ ಎಳೆದು ಹತ್ತನೇ ಕ್ಲಾಸನ್ನು ಇಬ್ಭಾಗ ಮಾಡಿದ್ದರು. ಅಮೆರಿಕಕ್ಕೆ ತನುಜಾ ಮುಖಂಡಳು, ರಷ್ಯಾಕ್ಕೆ ಧನುಶ್ರೀ. ಯಾವುದೋ ಎಸ್ಟೇಟಿನವರು ದಾನ ಕೊಟ್ಟ ಕಂಪ್ಯೂಟರ್ ಇದ್ದದ್ದು ಒಂದೇ. ಬೆಳಗಿನ ಪಾಳಿ ರಷ್ಯಾದ್ದು, ಮಧ್ಯಾಹ್ನದ್ದು ಅಮೆರಿಕದ್ದು. ಅದರ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮಾಡಿದ್ದನ್ನೆಲ್ಲ ಫ್ಲಾಪಿಯಲ್ಲೇ ಇಟ್ಟುಕೊಳ್ಳಬೇಕು.

ಇಬ್ಬರೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು. ಧನುಶ್ರೀ ಓದುತ್ತಿದ್ದದ್ದೇ ಒಂದು ಷರತ್ತಿನ ಮೇಲೆ. "ಸ್ಕೂಲಿಂದ ಒಂದೇ ಒಂದು ದೂರು ಬಂದ್ರೂ ಬುಡಿಸ್ಬುಡ್ತೀನಿ ಅಂದೈತೆ ಕಣೇ ನಮ್ಮಪ್ಪ" ಎಂದು ಜೂನ್ ತಿಂಗಳಲ್ಲಿ ತನುಜಾಳ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಳು.

ಮೊದಲ ಫ್ಲಾಪಿ ಸತ್ತಾಗ ಮೇಷ್ಟ್ರು ನಕ್ಕಿದ್ದರು. "ಹಳೇ ಫ್ಲಾಪಿ ಕಣಮ್ಮ, ಸಾಯ್ತವೆ." ತನುಜಾ ನಗಲಿಲ್ಲ. ಅಂದಿನಿಂದ ತನ್ನ ಫ್ಲಾಪಿಗಳನ್ನು ಸಂಜೆ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದಳು. ದೇವರ ಗೂಡಿನಲ್ಲಿ ಇಟ್ಟಳು. ಸ್ನಾನ ಮಾಡದೆ ಯಾರೂ ಕೈಯಿಡದ ಜಾಗ. ಅಪ್ಪ ಪರಮಶಿವಯ್ಯನ ಅಂಗಡಿಯ ತಕ್ಕಡಿಯಿಂದ ಹಿಡಿದು ಮಗಳ ಪರೀಕ್ಷೆಯ ಪೆನ್ನಿನವರೆಗೆ ಆ ಮನೆಯ ಮುಖ್ಯ ಸಾಮಾನೆಲ್ಲ ಅಲ್ಲಿ ಒಂದು ಸುತ್ತು ಕೂತು ಎದ್ದು ಬಂದದ್ದೇ. ಬೆಳಿಗ್ಗೆ ಚೀಲವನ್ನು ತಂದು ಕಂಪ್ಯೂಟರ್ ಕೋಣೆಯ ಬೀರುವಿನಲ್ಲಿಟ್ಟು ಪ್ರಾರ್ಥನೆಗೆ ಹೋಗುವಳು. ಧನುಶ್ರೀಯ ಜೊತೆ ಮಾತು ಬಿಟ್ಟಳು.

ಇಷ್ಟು ಕಾವಲಿದ್ದೂ ಒಂದರ ಹಿಂದೆ ಒಂದು ಮೂರು ಸತ್ತವು. ಅಂದರೆ ಕೈವಾಡ ಬೆಳಗಿನ ಪಾಳಿಯದೇ.

ಸೋಮವಾರ ತನುಜಾ ಪ್ರಾರ್ಥನೆಗೆ ಹೋಗಲಿಲ್ಲ. ಕಿಟಕಿಯ ಮರೆಯಲ್ಲಿ ನಿಂತಳು. ಧನುಶ್ರೀ ಒಬ್ಬಳೇ ಬಂದಳು. ಬೀರು ತೆಗೆದಳು. ಅಮೆರಿಕದ ಚೀಲದಿಂದ ಒಂದು ಫ್ಲಾಪಿ ಎತ್ತಿ, ಅದರ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ, ಒಳಕ್ಕೆ ಕರ್ಚೀಫಿನ ತುದಿ ತೂರಿಸಿದಳು.

"ಸಾರ್! ಬನ್ನಿ ಸಾರ್!"

ಮೇಷ್ಟ್ರು ಓಡಿಬಂದರು. ಧನುಶ್ರೀಯ ಕೈಯಲ್ಲಿ ಫ್ಲಾಪಿ ಹಾಗೇ ಇತ್ತು.

"ಒರೆಸ್ತಿದ್ದೆ ಸಾರ್. ಒಳಗೆ ಧೂಳು ಕೂತಿರ್ತದೆ. ದಿನಾ ಒರೆಸಿ ಇಡ್ತೀನಿ."

"ದಿನಾ ಅಂತೆ! ಕೇಳುದ್ರಾ ಸಾರ್?"

"ನೀನು ಮಾತಾಡ್ಸಿದ್ರೆ ತಾನೆ ಕಣೇ ಹೇಳೋದು?"

ದೇವರ ಮುಂದೆ ಇದ್ದು ಬಂದ ಫ್ಲಾಪಿಗೆ ಧೂಳು ಎಲ್ಲಿಂದ ಬರಬೇಕು? ತನುಜಾಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಮನೆಗೆ ಪತ್ರ ಬರೆಯಿರಿ ಎಂದು ಪಟ್ಟು ಹಿಡಿದಳು. ಮೇಷ್ಟ್ರು ಹಿಂದೆ ಮುಂದೆ ನೋಡಿದರು. ತನುಜಾ ನೋಡಲಿಲ್ಲ. ಪತ್ರ ಹೋದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಪತ್ರಕ್ಕೆ ಹಾಳೆ ಹರಿದುಕೊಟ್ಟಳು.

ಮಂಗಳವಾರ ಧನುಶ್ರೀಯ ಅಪ್ಪ ಲಕ್ಕಪ್ಪ ಬಂದ. ಪರೀಕ್ಷೆಗೆ ಇನ್ನು ಮೂರೇ ತಿಂಗಳು ಎಂದರು ಮೇಷ್ಟ್ರು. "ಕಳ್ಳಿ ಅನ್ನುಸ್ಕಂಡು ಓದಾದು ಬ್ಯಾಡ ಸ್ವಾಮಿ" ಎಂದು ಟಿ.ಸಿ. ಬರೆಸಿಕೊಂಡ. ಧನುಶ್ರೀ ಹೊರಡುವ ಮುಂಚೆ ರಷ್ಯಾದ ಫ್ಲಾಪಿಗಳನ್ನು ತಂದು ತನುಜಾಳ ಬೆಂಚಿನ ಮೇಲಿಟ್ಟಳು.

"ಬರ್ಲಿನ್ ಗೋಡೆ ಪುಟ ಮುಗ್ದೈತೆ. ನಿಂದ್ರ ಜೊತೆ ಸೇರಿಸ್ಕೊ."

ತನುಜಾ ತಲೆಯೆತ್ತಲಿಲ್ಲ. ಮಾರನೆಯ ದಿನವೇ ಲಕ್ಕಪ್ಪ ಮಗಳನ್ನು ಹೊಂಗಡಹಳ್ಳದ ಬಸ್ಸು ಹತ್ತಿಸಿದನಂತೆ. ಅಲ್ಲಿ ಸೋದರತ್ತೆಯ ಮನೆ. ಕಾಫಿ ಕೊಯ್ಲಿಗೆ ಆಳು ಸಾಲದು. ಕೊಯ್ಲು ಮುಗಿದ ಮೇಲೆ ಗಂಡು ನೋಡುವುದು.

ಈಗ ಎರಡು ದೇಶವೂ ತನುಜಾಳದೇ. ಕಳೆದುಹೋದ ಪುಟಗಳನ್ನು ಒಬ್ಬಳೇ ಮತ್ತೆ ಬರೆದಳು. ರಷ್ಯಾದ ಫ್ಲಾಪಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದಳು. ಬರುವ ಸೋಮವಾರ ಎಲ್ಲವನ್ನೂ ಹಾಸನಕ್ಕೆ ಕೊಡಬೇಕು.

ಗುರುವಾರ ಅಮೆರಿಕದ ಎರಡು ಸತ್ತವು. ಶುಕ್ರವಾರ ಉಳಿದವು. ಶನಿವಾರ, ಒಂದು ದಿನವೂ ಕಾಯಿಲೆ ಬೀಳದ ರಷ್ಯಾವೂ ಸತ್ತಿತು. ಬರ್ಲಿನ್ ಗೋಡೆಯ ಒಂದು ಇಟ್ಟಿಗೆಯೂ ಉಳಿಯಲಿಲ್ಲ. ಶತ್ರು ಹೋಗಿ ನಾಲ್ಕು ದಿನವಾಗಿತ್ತು. ಕೊಂದವರು ಯಾರು?

"ಬುಡಮ್ಮ, ನಮ್ ಹಣೇಲಿ ಬರೆದಿಲ್ಲ" ಎಂದರು ಮೇಷ್ಟ್ರು. ಹಾಸನಕ್ಕೆ ಹೋಗುವುದು ನಿಂತಿತು.

ಸಂಜೆ ಮನೆಗೆ ಬಂದು ತನುಜಾ ಚೀಲವನ್ನು ದೇವರ ಗೂಡಿನ ಮುಂದೆ ಒಗೆದು ಗೋಡೆಗೆ ಒರಗಿದಳು. ಧನುಶ್ರೀಯ ಮುಖ ಕಣ್ಣಿಗೆ ಕಟ್ಟಿತು. ಏನೋ ತಪ್ಪಾಗಿದೆ; ಏನೆಂದು ಹೊಳೆಯಲಿಲ್ಲ.

ಅಮ್ಮ ಪಾರ್ವತಮ್ಮ ದೀಪ ಹಚ್ಚಿದರು. ಆಮೇಲೆ ಚೀಲದಿಂದ ಒಂದು ಫ್ಲಾಪಿ ತೆಗೆದು, ಎಷ್ಟೋ ದಿನದ ರೂಢಿ ಎಂಬಂತೆ ಹೆಬ್ಬೆರಳಿನಿಂದ ಅದರ ತಗಡಿನ ಬಾಗಿಲು ಸರಿಸಿ, ಮೂರು ಬೆರಳನ್ನು ವಿಭೂತಿಯ ಬಟ್ಟಲಿಗೆ ಅದ್ದಿದರು.

"ಮೇಲೆ ಹಚ್ಚಿದ್ರೆ ನಿನ್ ಸ್ಕೂಲೋರು ನಗ್ತಾರೆ ಅಂತ ದಿನಾ ಒಳಗೇ ಹಚ್ತೀನಿ ಕಣವ್ವ. ಮೊದ್ಲು ಯಾರೋ ಒರೆಸಿ ಕಳಿಸೋರು. ಈ ವಾರ ಒಬ್ಬರೂ ಒರೆಸಿಲ್ಲ ನೋಡು, ಹಚ್ಚಿದ್ದು ಹಚ್ಚಿದಂಗೇ ಐತೆ."