ಹುಲಿಗೆಪ್ಪನ ಟವೆಲು

ರೋಗದ ವರ್ಷಗಳಲ್ಲಿ ಹಂಪಿಗೆ ಪ್ರವಾಸಿಗರು ಬರಲಿಲ್ಲ. ಮನೆಯಲ್ಲೇ ಕೂತು ನೋಡಲು ತಮ್ಮ ಗಾಜಿನ ಕಣ್ಣುಗಳನ್ನು ಕಳಿಸಿದರು. ಹುಲಿಗೆಪ್ಪ ಅವನ್ನೇ ಹರಿಗೋಲಿನಲ್ಲಿ ಕೂರಿಸಿ, ಒಂದೊಂದನ್ನೂ ಟವೆಲಿನಿಂದ ಒರೆಸಿ, ಹೊಳೆ ಸುತ್ತಿಸುತ್ತಿದ್ದ. ಕಣ್ಣುಗಳು ಚೌಕಾಸಿ ಮಾಡುತ್ತಿರಲಿಲ್ಲ, ಅವನ ಹೊಟ್ಟೆಯೂ ತುಂಬುತ್ತಿತ್ತು.

ರೋಗ ಇಳಿದ ಮೇಲೆ ಇಂದು ಮೊದಲ ಸಲ ಮನುಷ್ಯರೇ ಹತ್ತಿದರು, ಧಾರವಾಡದ ಅಂಬಕ್ಕ. ಹುಟ್ಟು ಹಿಡಿಯುವ ಮೊದಲು, ರೂಢಿಯಂತೆ, ಅವನ ಟವೆಲು ಅವರ ಮುಖದತ್ತ ಹೋಯಿತು. ಆಕೆ ಹಿಂದೆ ಸರಿದರು. ಬಂದ ಒಬ್ಬ ಗಿರಾಕಿಯೂ ಕೈತಪ್ಪಿತೆಂದು ಅವನು ಟವೆಲನ್ನು ಸರ್ರನೆ ಹಿಂದಕ್ಕೆಳೆದ.

"ತಪ್ಪಾತ್ರೀ ಅಮ್ಮಾ, ಕೈ ತಾನ ಬಂತು."

ಅಂಬಕ್ಕ ಆ ಕೆಂಪಂಚಿನ ಟವೆಲನ್ನೇ ದಿಟ್ಟಿಸಿದರು. ಆಮೇಲೆ ಕನ್ನಡಕ ತೆಗೆದು ಅವನ ಕೈಗಿಟ್ಟರು.

"ಒರಸೋ ತಮ್ಮಾ. ಇಷ್ಟು ದಿನಾ ನೀ ಒರಸಿದ ಮ್ಯಾಲೇ ನನಗ ಬೆಳಗಾಗತಿತ್ತು."